ಅಡಿಕೆಯ ಮಾರಾಟ: ಪ್ರಾಂಗಣವೋ, ಅಂಗಳವೋ?

ಶಿರಸಿ, ಸಿದ್ದಾಪುರ, ಯಲ್ಲಾಪುರ ಈ ಮೂರು ತಾಲೂಕುಗಳ ತೋಟಿಗರಲ್ಲಿ ಕೆಲವು ವರುಷಗಳಿಂದ ಒಂದು ವಾದವು ನಡೆದಿದೆ. ಬೆಳೆದವನು ತನ್ನ ಅಡಿಕೆಯನ್ನು ಪೇಟೆಯ ಪ್ರಾಂಗಣಕ್ಕೆ ತಂದು, ಸಂಘದ ಮುಖಾಂತರ, ಎಲ್ಲ ವ್ಯಾಪಾರಸ್ಥರ ಇದಿರಿನಲ್ಲಿ ಟೆಂಡರಿಗಿಟ್ಟೇ ಮಾರತಕ್ಕದ್ದೋ, ಅಥವಾ ಮನೆಯ ಅಂಗಳಕ್ಕೆ ಬಂದು ನಿಂತ ವ್ಯಾಪಾರಿಗೆ ಒಪ್ಪಿದ ದರಕ್ಕೆ ಅಲ್ಲಿಯೇ ತೂಗಿ ಕೊಡಬಹುದೋ ಎಂಬುದೇ ಆ ವಾದದ ತಿರುಳು. ಮದುವೆಯ ಚಪ್ಪರದಲ್ಲಿ, ಪತ್ತಿನ ಸಂಘದ ಜಗಲಿಯಲ್ಲಿ, ಬಸ್ಸು ಕಾಯುವ ಕಟ್ಟೆಯ ಮೇಲೆ ಇದೇ ಮಾತು. ಒಂದೇ ಮನೆಯಲ್ಲಿ ತಂದೆಯು ಪ್ರಾಂಗಣದ ಪಕ್ಷವನ್ನೂ ಮಗನು ಅಂಗಳದ ಪಕ್ಷವನ್ನೂ ವಹಿಸಿರುವುದುಂಟು. ಪಟ್ಟಣದಲ್ಲಿರುವ ನಮ್ಮ ವಾಚಕರಲ್ಲಿ ಕೆಲವರಿಗೆ ಇದು ತೋಟಿಗರ ಮನೆವಾರ್ತೆಯೆಂದು ತೋರಬಹುದು. ಆದರೆ ಘಟ್ಟದ ಮೇಲಿನ ಈ ಸೀಮೆಯಲ್ಲಿ ಅಡಿಕೆಯ ಧಾರಣೆಯು ಬಿದ್ದ ವರುಷ ಬಟ್ಟೆಯಂಗಡಿಯ ಗಲ್ಲೆಯೂ ಬಡವಾಗುತ್ತದೆ, ಕೂಲಿಕಾರನ ಮನೆಯ ಒಲೆಯೂ ತಡವಾಗಿ ಹೊತ್ತುತ್ತದೆ. ಆದುದರಿಂದ ಈ ವಾದದಲ್ಲಿ ನಾವು ಮಾತಾಡುವುದು ಅಧಿಕಪ್ರಸಂಗವಾಗಲಾರದು.

ಮೊದಲು ಕಾಯದೆಯ ಮಾತು. ಉತ್ತರ ಕನ್ನಡವು ಮುಂಬಯಿ ಇಲಾಖೆಗೆ ಸೇರಿದ್ದ ಕಾಲದಲ್ಲಿ, 1939ರಲ್ಲಿ, ಅಲ್ಲಿಯ ಸರಕಾರವು ಕೃಷಿ ಹುಟ್ಟುವಳಿಯ ಪೇಟೆಗಳ ಕಾಯದೆಯನ್ನು ಮಾಡಿತು. ಏಕೀಕರಣದ ತರುವಾಯ 1966ರಲ್ಲಿ ನಮ್ಮ ರಾಜ್ಯದ್ದೇ ಆದ ಕಾಯದೆಯು ಬಂದಿತು. ಅಧಿಸೂಚಿತವಾದ ಹುಟ್ಟುವಳಿಯ ವ್ಯಾಪಾರವು ಮುಖ್ಯತಃ ಪ್ರಾಂಗಣದಲ್ಲಿಯೇ, ಲೈಸೆನ್ಸು ಪಡೆದವರ ಕೈಯಿಂದಲೇ, ಬಹಿರಂಗವಾಗಿ ನಡೆಯಬೇಕೆಂಬುದು ಅದರ ಜೀವಾಳವಾಗಿದ್ದಿತು. 2020ರ ಮೇ ತಿಂಗಳಲ್ಲಿ ರಾಜ್ಯ ಸರಕಾರವು ಸುಗ್ರೀವಾಜ್ಞೆಯ ಮೂಲಕ ಈ ಕಟ್ಟನ್ನು ಸಡಿಲಿಸಿ, ಮಾರುಕಟ್ಟೆ ಸಮಿತಿಯ ಅಧಿಕಾರವನ್ನು ಪ್ರಾಂಗಣದ ಗೋಡೆಯೊಳಕ್ಕೆ ಸೀಮಿತಗೊಳಿಸಿತು. ಮರುತಿಂಗಳೇ ಕೇಂದ್ರ ಸರಕಾರದ ಸುಗ್ರೀವಾಜ್ಞೆಗಳು ಬಂದವು. ಸಪ್ಟೆಂಬರಿನಲ್ಲಿ ಅವು ಕಾಯದೆಗಳಾದವು. ದಿಲ್ಲಿಯ ಗಡಿಗಳಲ್ಲಿ ರೈತರು ವರುಷಕ್ಕೂ ಮಿಕ್ಕಿ ಕುಳಿತರು. 2021ರ ನವ್ಹೆಂಬರಿನಲ್ಲಿ ಪಾರ್ಲಿಮೆಂಟು ಅವನ್ನು ರದ್ದುಗೊಳಿಸಿತು. ಕೇಂದ್ರದ್ದು ಹೋದರೂ ರಾಜ್ಯದ ತಿದ್ದುಪಡಿಯು ಉಳಿದಿತ್ತು. ಅದನ್ನು ಹಿಂತೆಗೆಯುವ ಮಸೂದೆಯು 2023ರ ಜುಲೈಯಲ್ಲಿ ವಿಧಾನಸಭೆಯನ್ನು ದಾಟಿ ಪರಿಷತ್ತಿನಲ್ಲಿ ಎಡವಿ ಸಮಿತಿಯ ಪಾಲಾಯಿತು. ಹೀಗೆ ಸರಕಾರವು ಬದಲಾದಂತೆ ಪ್ರಾಂಗಣದ ಬಾಗಿಲು ಮುಚ್ಚುವುದೂ ತೆರೆಯುವುದೂ ನಡೆದರೆ, ಇಪ್ಪತ್ತು ವರುಷ ಮುಂದಿಟ್ಟು ಸಸಿ ನೆಡುವ ತೋಟಿಗನು ಯಾವ ಕಾಯದೆಯನ್ನು ನಂಬಬೇಕು?

ಪ್ರಾಂಗಣವು ಏತಕ್ಕೆ ಹುಟ್ಟಿತೆಂಬುದನ್ನು ಇಂದಿನ ತರುಣರು ಮರೆತಿದ್ದರೆ ಅದು ಅವರ ತಪ್ಪಲ್ಲ, ಕಂಡವರು ಹೋಗಿಬಿಟ್ಟರು. ಸಾವಕಾರನಿಂದ ಮಳೆಗಾಲದಲ್ಲಿ ಸಾಲ ತಂದವನು ಸುಗ್ಗಿಯಲ್ಲಿ ಅವನ ಮಳಿಗೆಗೇ ಮಾಲು ಹಾಕಬೇಕು. ದರವನ್ನು ಹೇಳುವವನೂ ಅವನೇ, ತೂಗುವವನೂ ಅವನೇ, ಲೆಕ್ಕ ಬರೆಯುವವನೂ ಅವನೇ. ಹಿಂದೂಸ್ಥಾನದ ಅನೇಕ ಪೇಟೆಗಳಲ್ಲಿ ದಲಾಲನು ವಸ್ತ್ರದ ಮರೆಯಲ್ಲಿ ಬೆರಳು ಹಿಡಿದು ದರ ಸೂಚಿಸುತ್ತಿದ್ದನು. ಮಾಲಿನ ಒಡೆಯನು ಪಕ್ಕದಲ್ಲಿ ನಿಂತು ಬಟ್ಟೆಯನ್ನು ನೋಡುತ್ತಿದ್ದನು. ಮೇಲಿಂದ ಹಮಾಲಿ, ಧರ್ಮಾದಾಯ, ಸೂಟು, ಮಾದರಿಯೆಂದು ಎತ್ತಿಕೊಂಡ ಹಿಡಿ, ಹೀಗೆ ಕಡಿತಗಳ ಸಾಲು. 1928ರಲ್ಲಿ ವರದಿಯನ್ನೊಪ್ಪಿಸಿದ ಕೃಷಿಯ ರಾಯಲ್ ಕಮಿಶನ್ನು ಇಂತಹ ಪೇಟೆಗಳನ್ನು ಕಾಯದೆಯ ಹಿಡಿತಕ್ಕೆ ತರಬೇಕೆಂದು ಹೇಳಿತು. ಆದರೆ ಶಿರಸಿಯ ತೋಟಿಗರು ಕಮಿಶನ್ನಿಗೆ ಕಾದು ಕುಳಿತಿರಲಿಲ್ಲವೆಂಬುದನ್ನು ನಾವು ಅಭಿಮಾನದಿಂದ ನೆನೆಯುತ್ತೇವೆ. 1923ರಲ್ಲಿಯೇ ತೋಟಗಾರರ ಸಹಕಾರಿ ಮಾರಾಟ ಸಂಘವು ಅಲ್ಲಿ ಹುಟ್ಟಿತು. ಕಡವೆ ಶ್ರೀಪಾದ ಹೆಗಡೆಯವರಂತಹ ಧುರೀಣರ ದುಡಿಮೆಯಿಂದ ಅದು ಬೆಳೆಯಿತು. ತರುವಾಯ ಶಿರಸಿ, ಸಿದ್ದಾಪುರ, ಯಲ್ಲಾಪುರಗಳಲ್ಲಿ ತಾಲೂಕು ಮಾರಾಟ ಸಂಘಗಳೂ ನಿಂತವು. ಶಿವಮೊಗ್ಗೆಯ ಮಲೆನಾಡು ಸಂಘವು 1939ರದು. ಮಂಗಳೂರಿನ ಕ್ಯಾಂಪ್ಕೊ ಧಾರಣೆಯ ಕುಸಿತದಿಂದ ಬೆಳೆಗಾರರು ಕಂಗೆಟ್ಟಿದ್ದಾಗ 1973ರಲ್ಲಿ ಜನಿಸಿದ್ದು. ವಾಚಕರು ಒಂದು ಸಂಗತಿಯನ್ನು ಗಮನಿಸಬೇಕು: ಇಲ್ಲಿ ಸಂಘವು ಮೊದಲು, ಕಾಯದೆಯು ಆಮೇಲೆ. ನಮ್ಮ ಮುಂದಿನ ಮಾತೆಲ್ಲ ಇದರ ಮೇಲೆಯೇ ನಿಂತಿದೆ.

ಟೆಂಡರಿನ ಕ್ರಮವನ್ನು ನೋಡಿರದ ವಾಚಕರಿಗಾಗಿ ಎರಡು ಮಾತು. ಒಬ್ಬೊಬ್ಬ ಬೆಳೆಗಾರನ ಮಾಲನ್ನು ಬೇರೆಬೇರೆ ಗುಡ್ಡೆಯಾಗಿ ಸುರಿದು ನಂಬರು ಹಚ್ಚುತ್ತಾರೆ. ರಾಶಿ, ಬೆಟ್ಟೆ, ಚಾಲಿ, ಕೆಂಪುಗೋಟು, ಬಿಳಿಗೋಟು, ಕೋಕಾ ಎಂದು ಜಾತಿಗಳು ಹಲವು. ಒಂದೊಂದಕ್ಕೆ ಒಂದೊಂದು ಧಾರಣೆ. ವ್ಯಾಪಾರಸ್ಥರು ಗುಡ್ಡೆಯಿಂದ ಗುಡ್ಡೆಗೆ ಹೋಗಿ, ಮುಷ್ಟಿಯಲ್ಲಿ ಹಿಡಿದು, ಒಂದೆರಡನ್ನು ಕತ್ತರಿಸಿ ಒಳಗನ್ನು ನೋಡಿ, ತಮ್ಮ ದರವನ್ನು ನಮೂದಿಸುತ್ತಾರೆ. ಒಬ್ಬನು ಬರೆದುದು ಇನ್ನೊಬ್ಬನಿಗೆ ತಿಳಿಯದು. 2014ರಿಂದ ರಾಜ್ಯದ ಪೇಟೆಗಳಿಗೆ ಗಣಕಯಂತ್ರದ ಟೆಂಡರೂ ಬಂದಿತು. ಎಲ್ಲಕ್ಕೂ ಹೆಚ್ಚಿನ ದರವು ಕೂಡ ಬೆಳೆಗಾರನಿಗೆ ಒಪ್ಪಿಗೆಯಾಗದಿದ್ದರೆ ಅವನು ಕೊಡಬೇಕಾಗಿಲ್ಲ. ಮಾಲನ್ನು ಸಂಘದಲ್ಲಿಯೇ ದಾಸ್ತಾನಿಟ್ಟು, ಅದರ ಮೇಲೆ ಮುಂಗಡ ಪಡೆದು, ಒಳ್ಳೆಯ ದಿನಕ್ಕಾಗಿ ಕಾಯಬಹುದು. ‘ಕೊಡುವುದಿಲ್ಲ’ ಎನ್ನುವ ಈ ಹಕ್ಕೇ ಸಂಘವು ತೋಟಿಗನಿಗೆ ದೊರಕಿಸಿದ ದೊಡ್ಡ ಆಸ್ತಿ. ಅವನ ಅಜ್ಜನಿಗೆ ಅದು ಇರಲಿಲ್ಲ.

ಇಷ್ಟಾದರೂ ಅಂಗಳದ ಪಕ್ಷದವರ ಮಾತನ್ನು ಅಲ್ಲಗಳೆದುಬಿಡುವುದು ಅನ್ಯಾಯವಾದೀತು. ಯಲ್ಲಾಪುರದ ಕಾಡೊಳಗಿನ ಮಜರೆಯಲ್ಲಿ ಅರ್ಧ ಎಕರೆ ತೋಟವುಳ್ಳವನನ್ನು ನೆನೆಯಿರಿ. ಅವನ ಮಾಲು ಎರಡು ಮೂರು ಚೀಲ. ಅದಕ್ಕಾಗಿ ಗಾಡಿಯನ್ನು ಬಾಡಿಗೆಗೆ ಹಿಡಿಯಬೇಕು, ಒಂದು ದಿನದ ಕೆಲಸವನ್ನು ಬಿಡಬೇಕು, ಹಮಾಲಿ ತೆರಬೇಕು. ದೊಡ್ಡ ಹಿಡುವಳಿದಾರನ ಗುಡ್ಡೆಯ ಮುಂದೆ ಹತ್ತು ಮಂದಿ ಬಾಗಿ ನೋಡಿದರೆ ಇವನ ಗುಡ್ಡೆಯ ಮುಂದೆ ಇಬ್ಬರು ನಿಂತಾರು. ಇನ್ನು ಕಾಲದ ಪ್ರಶ್ನೆ. ಆಷಾಢದಲ್ಲಿ ಮಳೆಯು ಜಡಿಯುತ್ತದೆ. ಕೊಳೆರೋಗಕ್ಕೆ ಮೈಲುತುತ್ತದ ದ್ರಾವಣ ಸಿಂಪಡಿಸಬೇಕು. ಮರ ಹತ್ತುವವನ ಕೂಲಿಯು ಅಂದಂದೇ ಆಗಬೇಕು. ಅದೇ ಹೊತ್ತಿಗೆ ಮಕ್ಕಳ ಶಾಲೆಯೂ ತೆರೆದಿರುತ್ತದೆ. ಆಗ ಬಾಗಿಲಿಗೆ ಬಂದವನು ರೊಕ್ಕವನ್ನು ಎಣಿಸಿಕೊಟ್ಟು ಚೀಲವನ್ನು ಎತ್ತಿಕೊಂಡು ಹೋಗುತ್ತೇನೆಂದರೆ ಆ ಬಡವನು ಸಹಕಾರತತ್ತ್ವದ ಪ್ರವಚನವನ್ನು ಕೇಳಿ ಹೊಟ್ಟೆ ತುಂಬಿಸಿಕೊಳ್ಳಲಾರನು. ತನ್ನ ಬೆವರಿನ ಮಾಲನ್ನು ಇಂತಲ್ಲಿಯೇ ಮಾರೆಂದು ಹೇಳಲು ಸರಕಾರವಾರು ಎಂದು ಅವನು ಕೇಳಿದರೆ, ಆ ಪ್ರಶ್ನೆಯಲ್ಲಿ ಸ್ವಾತಂತ್ರ್ಯದ ಧ್ವನಿಯಿದೆಯೆಂಬುದನ್ನು ನಾವು ಒಪ್ಪುತ್ತೇವೆ.

ಆದರೆ ಅಂಗಳದಲ್ಲಿ ದೊರೆಯುವ ನಾಲ್ಕು ರೂಪಾಯಿ ಹೆಚ್ಚಿನ ದರವು ಎಲ್ಲಿಂದ ಬರುತ್ತದೆಂಬುದನ್ನೂ ವಿಚಾರಿಸಬೇಕಷ್ಟೆ. ಒಂದು ಭಾಗವು ಉಳಿತಾಯದಿಂದ: ಸಾಗಾಣಿಕೆಯಿಲ್ಲ, ಪೇಟೆಯ ಶುಲ್ಕವಿಲ್ಲ. ಇದು ನ್ಯಾಯವಾದ ಹಣ. ಇನ್ನೊಂದು ಭಾಗದ ಮಾತು ಬೇರೆ. 2017ರ ಜುಲೈಯಿಂದ ಅಡಿಕೆಯ ಮೇಲೆ ನೂರಕ್ಕೆ 5ರಂತೆ ಸರಕು ಮತ್ತು ಸೇವಾ ತೆರಿಗೆಯು ಬಿದ್ದಿತು. ಕ್ವಿಂಟಲಿಗೆ 40,000 ರೂಪಾಯಿ ಧಾರಣೆಯಿದ್ದಾಗ ಅದು 2,000 ರೂಪಾಯಿ. ಬಿಲ್ಲಿಲ್ಲದೆ ಕೊಂಡು ಬಿಲ್ಲಿಲ್ಲದೆ ಸಾಗಿಸುವವನು ಅದರಲ್ಲಿ 500 ರೂಪಾಯಿಯನ್ನು ತೋಟಿಗನ ಕೈಗೆ ಹಾಕಿ 1,500ನ್ನು ತನ್ನ ಕಿಸೆಗೆ ಹಾಕಿಕೊಂಡರೆ ತೋಟಿಗನು ಅದನ್ನು ಸ್ಪರ್ಧೆಯ ಫಲವೆಂದು ಭ್ರಮಿಸುತ್ತಾನೆ. ಅದು ಸ್ಪರ್ಧೆಯಲ್ಲ, ಕಳ್ಳತನದಲ್ಲಿ ಕಾಲುಪಾಲು. ಅಂಗಳದಲ್ಲಿ ಕೊಳ್ಳುವವರೆಲ್ಲರೂ ಹೀಗೆಯೇ ಮಾಡುತ್ತಾರೆಂದು ನಾವು ಹೇಳುವುದಿಲ್ಲ. ಪ್ರಾಮಾಣಿಕ ವ್ಯಾಪಾರಸ್ಥರಿಗೇ ಇದರಿಂದ ಮೊದಲ ಪೆಟ್ಟು ಬೀಳುತ್ತದೆ. ಬೆಳೆಗಾರನ ಕೈಯಲ್ಲಿಯೂ ಕಾಗದವು ಉಳಿಯುವುದಿಲ್ಲ. ಕೊಂಡವನು ಹಣ ಕೊಡದೆ ಮರೆಯಾದರೆ ಮಾರುಕಟ್ಟೆ ಸಮಿತಿಯ ಮುಂದೆ ತೋರಿಸಲು ಅವನಲ್ಲಿ ಏನಿದೆ?

ಇದಕ್ಕಿಂತಲೂ ಮುಖ್ಯವಾದ ಸಂಗತಿಯೊಂದುಂಟು. ಅಂಗಳಕ್ಕೆ ಬಂದ ವ್ಯಾಪಾರಿಯೂ ತೋಟಿಗನೂ ಮಾತು ಆರಂಭಿಸುವುದು ಯಾವ ದರದಿಂದ? ಹಿಂದಿನ ದಿನ ಶಿರಸಿಯಲ್ಲಿ, ಸಿದ್ದಾಪುರದಲ್ಲಿ, ಯಲ್ಲಾಪುರದಲ್ಲಿ ಟೆಂಡರಿನಲ್ಲಿ ಎದ್ದ ದರದಿಂದ. ಪತ್ರಿಕೆಗಳಲ್ಲಿ ಅಚ್ಚಾಗುವುದೂ ಅದೇ, ಕೈಯೊಳಗಿನ ಫೋನಿನಲ್ಲಿ ಕಾಣುವುದೂ ಅದೇ. ಅಂದರೆ ಪ್ರಾಂಗಣಕ್ಕೆ ಕಾಲಿಡದವನು ಕೂಡ ಪ್ರಾಂಗಣದ ದೀಪದ ಬೆಳಕಿನಲ್ಲಿಯೇ ವ್ಯಾಪಾರ ಮಾಡುತ್ತಿದ್ದಾನೆ. ಎಣ್ಣೆಯನ್ನು ಮಾತ್ರ ಬೇರೆಯವರು ಹಾಕಬೇಕು. ಒಳ್ಳೆಯ ಮಾಲೆಲ್ಲ ಅಂಗಳದಲ್ಲಿಯೇ ಮಾರಿಹೋಗಿ ಪ್ರಾಂಗಣಕ್ಕೆ ಕಸರು ಮಾತ್ರ ಬರತೊಡಗಿದರೆ ಅಲ್ಲಿಯ ಧಾರಣೆಯು ಇಳಿಯುತ್ತದೆ. ಇಳಿದ ಆ ಧಾರಣೆಯನ್ನೇ ತೋರಿಸಿ ಅಂಗಳದಲ್ಲಿಯೂ ಇಳಿಸಿ ಕೇಳುತ್ತಾರೆ. ಮಾರುವ ಮನೆಗಳು ಅನೇಕ ಸಾವಿರ. ಆದರೆ ಕೆಂಪಡಿಕೆಯನ್ನು ಉತ್ತರ ಹಿಂದೂಸ್ಥಾನದ ಪಾನ್ ಮಸಾಲೆಯ ಕಾರಖಾನೆಗಳಿಗೂ ಚಾಲಿಯನ್ನು ಗುಜರಾಥಕ್ಕೂ ಕೊಂಡೊಯ್ಯುವ ದೊಡ್ಡ ಕೈಗಳು ಕೆಲವೇ. ಕೊಳ್ಳುವವರು ಕೆಲವರೇ ಇರುವಲ್ಲಿ ಮಾರುವವರು ಒಬ್ಬೊಬ್ಬರಾಗಿ ನಿಲ್ಲುವುದಕ್ಕೆ ಮುಕ್ತಪೇಟೆಯೆಂದು ಹೆಸರಿಟ್ಟ ಮಾತ್ರಕ್ಕೆ ಬಲಾಬಲವು ಸಮವಾಗದು. ಬಿಹಾರವು 2006ರಲ್ಲಿ ತನ್ನ ಪೇಟೆಗಳ ಕಾಯದೆಯನ್ನೇ ತೆಗೆದುಹಾಕಿತು. ಆ ಪ್ರಾಂತದ ರೈತನು ಧಾರಣೆಯಲ್ಲಿ ಪಂಜಾಬದವನನ್ನು ಮೀರಿಸಿದನೆಂಬ ವಾರ್ತೆಯನ್ನು ಈ ವರೆಗೆ ನಾವು ಓದಿಲ್ಲ.

ಹಾಗಾದರೆ ಪ್ರಾಂಗಣದಲ್ಲಿಯೇ ಮಾರಬೇಕೆಂದು ಮತ್ತೆ ಕಟ್ಟುನಿಟ್ಟು ಮಾಡಿರೆಂದು ನಾವು ಹೇಳುವೆವೆ? ಇಲ್ಲ. ಒತ್ತಾಯದ ಏಕಸ್ವಾಮ್ಯದ ಚರಿತ್ರೆಯನ್ನೂ ನಾವು ಬಲ್ಲೆವು. ಎರಡನೆಯ ಮಹಾಯುದ್ಧದ ಕಾಲದ ಧಾನ್ಯನಿಯಂತ್ರಣವನ್ನು ಕಂಡ ಹಿರಿಯರು ಕೆಲವರಾದರೂ ಇದ್ದಾರೆ. ನಿಯಂತ್ರಣಗಳು ಜನರನ್ನು ಅಪ್ರಾಮಾಣಿಕರನ್ನಾಗಿ ಮಾಡುತ್ತವೆಂದು ಮಹಾತ್ಮಾಜಿಯವರು ವಿರೋಧಿಸಿದರು. 1947ರ ಡಿಸೆಂಬರಿನಲ್ಲಿ ನಿಯಂತ್ರಣವು ಸಡಿಲವಾಯಿತು. ಬೆಲೆಗಳು ಏರಿಹೋದುದರಿಂದ 1948ರಲ್ಲಿ ಮರಳಿ ಬಂದಿತು. ನೆರೆಯ ಮಹಾರಾಷ್ಟ್ರದಲ್ಲಿ 1972ರಿಂದ ಸುಮಾರು ಮೂರು ದಶಕಗಳ ವರೆಗೆ ಸರಕಾರವೇ ಅರಳೆಯ ಏಕಮಾತ್ರ ಖರೀದಿದಾರನಾಗಿದ್ದಿತು. ಹೊರಗೆ ಧಾರಣೆಯು ಏರಿದ ವರುಷ ಅರಳೆಯು ರಾತ್ರಿಯ ಹೊತ್ತು ಗಡಿ ದಾಟುತ್ತಿತ್ತು. ಇಳಿದ ವರುಷ ಎಲ್ಲವೂ ಸರಕಾರದ ತಲೆಯ ಮೇಲೆ ಬೀಳುತ್ತಿತ್ತು. ಕೊನೆಗೆ ಯೋಜನೆಯು ನಷ್ಟದಲ್ಲಿ ಮುಳುಗಿತು.

ಕೆನಡಾ ದೇಶದ ಗೋದಿಯ ಕಥೆಯು ಇನ್ನೂ ಬೋಧಪ್ರದವಾದುದು. ನಮ್ಮ ಶಿರಸಿಯ ಸಂಘವು ಹುಟ್ಟಿದ 1923ರಲ್ಲಿಯೇ ಆಲ್ಬರ್ಟಾ ಪ್ರಾಂತದ ಗೋದಿ ಬೆಳೆಗಾರರು ಕೂಡಿ, ಐದು ವರುಷಗಳ ವರೆಗೆ ತಮ್ಮ ಗೋದಿಯನ್ನು ಸಂಘಕ್ಕೇ ಕೊಡುವೆವೆಂದು ಕರಾರಿಗೆ ಸಹಿ ಹಾಕಿ ‘ಪೂಲ್’ ಎಂಬ ಸಂಸ್ಥೆಯನ್ನು ಕಟ್ಟಿದರು. ಮರುವರುಷ ನೆರೆಯ ಎರಡು ಪ್ರಾಂತಗಳೂ ಹಾಗೆಯೇ ಮಾಡಿದವು. ಒತ್ತಾಯವಿಲ್ಲದೆ ನಿಂತ ಈ ಕಟ್ಟು ಚೆನ್ನಾಗಿಯೇ ನಡೆದಿದ್ದಿತು. ಆದರೆ 1929ರ ಬೆಳೆಗೆ ಹೆಚ್ಚು ಮುಂಗಡ ಕೊಟ್ಟುಬಿಟ್ಟರು, ಜಗತ್ತಿನ ಧಾರಣೆಯು ಕುಸಿಯಿತು, ಪೂಲುಗಳು ಸಾಲದಲ್ಲಿ ಬಿದ್ದವು. 1935ರಲ್ಲಿ ಸರಕಾರದ ಗೋದಿ ಮಂಡಳಿಯು ಬಂದಿತು. 1943ರಿಂದ ಅದಕ್ಕೇ ಮಾರಬೇಕೆಂಬ ಕಟ್ಟು. 2011ರಲ್ಲಿ ಮಂಡಳಿಯು ರೈತರ ಮತ ಕೇಳಿದಾಗ ಗೋದಿಯ ವಿಷಯದಲ್ಲಿ ನೂರಕ್ಕೆ 62 ಮತಗಳು ಏಕಸ್ವಾಮ್ಯವು ಇರಲೆಂದವು. ಜವೆಗೋದಿಯ ವಿಷಯದಲ್ಲಿ 51. ಹೀಗಿದ್ದರೂ ಸರಕಾರವು 2012ರ ಆಗಸ್ಟ್ 1ರಿಂದ ಅದನ್ನು ತೆಗೆದುಹಾಕಿತು. 2015ರಲ್ಲಿ ಮಂಡಳಿಯ ಅರ್ಧಕ್ಕಿಂತ ಹೆಚ್ಚಿನ ಪಾಲು ಪರದೇಶದ ಬಂಡವಾಳಗಾರರಿಗೆ ಹೋಯಿತು. ಸರಕಾರವು ಕಟ್ಟಿಕೊಟ್ಟುದನ್ನು ಸರಕಾರವೇ ಒಡೆಯಿತು. ರೈತರ ಮತವು ಕಾಗದದ ಮೇಲೆ ಉಳಿಯಿತು.

ಈ ಎಲ್ಲದರಿಂದ ನಮಗೆ ತೋರುವುದಿಷ್ಟು. ಕಾಯದೆಯು ಬೆಳೆಗಾರನನ್ನು ಪ್ರಾಂಗಣಕ್ಕೆ ಎಳೆದು ತರಬಾರದು. ಅವನು ತಾನಾಗಿಯೇ ತನ್ನ ಸಂಘಕ್ಕೆ ಕಟ್ಟುಬೀಳಬೇಕು, ಸಂಘವು ಆ ಕಟ್ಟಿಗೆ ಯೋಗ್ಯವಾಗಿ ನಡೆಯಬೇಕು. ಸ್ವಯಂಕೃತವಾದ ಇಂತಹ ಕಟ್ಟು ಈ ಸೀಮೆಗೆ ಹೊಸದಲ್ಲ. 1930ರ ದಶಕದ ಆರಂಭದಲ್ಲಿ ಸಿದ್ದಾಪುರದ ಮತ್ತು ಅಂಕೋಲೆಯ ರೈತರು ಭೂಕಂದಾಯ ಕೊಡಲೊಲ್ಲೆವೆಂದು ನಿಂತರು. ಜಮೀನು ಜಪ್ತಾಗಿ ಹರಾಜಾಯಿತು. 1932ರಲ್ಲಿ ಮಾವಿನಗುಂಡಿಯಲ್ಲಿ ಹೆಂಗಸರು, ಜಪ್ತಾದ ಆಸ್ತಿಯನ್ನು ಕೊಂಡವರ ಮನೆಯ ಮುಂದೆ ಉಪವಾಸ ಕುಳಿತರು. ಅವರನ್ನು ಅಲ್ಲಿಗೆ ಕರೆತಂದ ಕಾಯದೆ ಯಾವುದು? ಅಂದು ಕಳೆದುಕೊಳ್ಳಬೇಕಾದುದು ಮನೆಮಾರು. ಇಂದು ಬಿಡಬೇಕಾದುದು ಕ್ವಿಂಟಲಿಗೆ ಕೆಲವು ನೂರು ರೂಪಾಯಿಯ ಆಸೆ.

ಕಟ್ಟಿನ ರೂಪವು ಹೇಗಿರಬೇಕೆಂಬುದನ್ನು ಸಂಘದವರೇ ಕುಳಿತು ನಿಶ್ಚಯಿಸತಕ್ಕದ್ದು. ನಮ್ಮ ಸೂಚನೆಯಿಷ್ಟೆ: ಸಂಘದಿಂದ ಬೆಳೆಸಾಲವನ್ನೋ ಮುಂಗಡವನ್ನೋ ಪಡೆದ ಸದಸ್ಯನು ತನ್ನ ಮಾಲಿನಲ್ಲಿ ಅರ್ಧಕ್ಕೆ ಕಡಿಮೆಯಿಲ್ಲದಷ್ಟನ್ನು ಸಂಘದ ಮುಖಾಂತರ ಮಾರುವೆನೆಂದು ಬರೆದುಕೊಡಲಿ; ಉಳಿದರ್ಧವನ್ನು ಅಂಗಳದಲ್ಲಿ ಮಾರಿದರೆ ಅವನನ್ನು ಯಾರೂ ದ್ರೋಹಿಯೆನ್ನದಿರಲಿ. ಮುಂಗಡವನ್ನು ಕೊಡುವಾಗ ಕೆನಡಾದ ಪೂಲುಗಳ ಗತಿಯನ್ನು ನೆನಪಿಡಲಿ. 2014ರಲ್ಲಿ ಕೆಂಪಡಿಕೆಯ ಧಾರಣೆಯು ಆಕಾಶಕ್ಕೇರಿದುದನ್ನೂ ಅಲ್ಲಿ ನಿಲ್ಲದೆ ಇಳಿದುಬಂದುದನ್ನೂ ಎಲ್ಲರೂ ಕಂಡಿದ್ದೇವೆ.

ಸಂಘಗಳಿಗೆ ಎರಡು ಕಟು ಮಾತುಗಳನ್ನು ಹೇಳದೆ ವಿಧಿಯಿಲ್ಲ. ಅಂಗಳದ ವ್ಯಾಪಾರಿಯು ಮಜರೆಗೆ ಹೋಗಬಲ್ಲನಾದರೆ ಸಂಘದ ಗಾಡಿಯು ಏಕೆ ಹೋಗಬಾರದು? ಒಂದೊಂದು ಊರಿನ ಹತ್ತು ಸಣ್ಣ ತೋಟಿಗರ ಮಾಲನ್ನು ಜಾತಿವಾರು ಕೂಡಿಸಿ, ಒಂದೇ ದೊಡ್ಡ ಗುಡ್ಡೆಯಾಗಿ ಟೆಂಡರಿಗೆ ಇಡಲು ಬಾರದೆ? ಹಣವು ಅದೇ ದಿನ ಖಾತೆಗೆ ಬೀಳಬೇಕು. ಕಡಿತಗಳ ಪಟ್ಟಿಯು ಓದಲು ಬರುವ ಕನ್ನಡದಲ್ಲಿರಬೇಕು. ಕಿರಾಣಿ, ಔಷಧ, ಬಟ್ಟೆಗಳ ವ್ಯವಹಾರವೂ ಇರಲಿ. ಅಡಿಕೆ ಮಾರಿಕೊಡುವ ಮೂಲ ಕಸುಬು ಅದರಡಿಯಲ್ಲಿ ಹೂತುಹೋಗಬಾರದು. ಆಡಳಿತ ಮಂಡಳಿಯ ಚುನಾವಣೆಗಳು ವಿಧಾನಸಭೆಯ ಚುನಾವಣೆಯ ಪೂರ್ವಾಭ್ಯಾಸಗಳಾಗಿ ಪರಿಣಮಿಸಿದರೆ, ತೋಟಿಗನು ಸಂಘವನ್ನು ಬಿಟ್ಟು ಹೋಗುತ್ತಾನೆ. ಅವನನ್ನು ದೂರುವ ಅಧಿಕಾರವು ಆಗ ಯಾರಿಗೂ ಇರದು.

ಸರಕಾರದ ಕೆಲಸವೂ ಇದೆ. ಅಂಗಳದಲ್ಲಿ ಕೊಳ್ಳುವವನೂ ಲೈಸೆನ್ಸುಳ್ಳವನಿರಲಿ, ಅವನೂ ಭದ್ರತಾಠೇವಣಿಯನ್ನಿಡಲಿ, ಕೊಂಡ ದರವನ್ನೂ ತೂಕವನ್ನೂ ಅಂದೇ ಸಮಿತಿಗೆ ತಿಳಿಸಲಿ. ಹಾಗಾದರೆ ಅಂಗಳದ ಧಾರಣೆಯೂ ಪಟ್ಟಿಯ ಮೇಲೆ ಬಂದು, ಯಾರು ಎಷ್ಟು ಕೊಟ್ಟರೆಂಬುದು ಎಲ್ಲರಿಗೂ ಗೊತ್ತಾಗುವುದು. ತೆರಿಗೆಯ ಅಧಿಕಾರಿಗಳು ಚೆಕ್ಕುನಾಕೆಯಲ್ಲಿ ತೋಟಿಗನ ನಾಲ್ಕು ಚೀಲಗಳನ್ನು ತಡೆದು ಶೌರ್ಯ ಮೆರೆಯುವ ಬದಲು ಬಿಲ್ಲಿಲ್ಲದೆ ಹೊರಡುವ ಲಾರಿಗಳನ್ನು ಹುಡುಕಲಿ. ಕೇಂದ್ರ ಸರಕಾರವು 2023ರ ಫೆಬ್ರುವರಿಯಲ್ಲಿ ಪರದೇಶದ ಅಡಿಕೆಗೆ ಕಿಲೋಕ್ಕೆ 351 ರೂಪಾಯಿಯ ಕನಿಷ್ಠ ಆಮದು ಬೆಲೆಯನ್ನು ಗೊತ್ತುಪಡಿಸಿದುದು ಒಳ್ಳೆಯದೇ. ಆದರೆ ಕಳ್ಳದಾರಿಯಿಂದ ಬರುವ ಮಾಲು ಬೆಲೆಯ ಫಲಕವನ್ನು ಓದಿಕೊಂಡು ಬರುವುದಿಲ್ಲ.

ಇನ್ನೊಂದು ವಿಷಯ. 2019ರಲ್ಲಿ ‘ಶಿರಸಿ ಸುಪಾರಿ’ ಎಂಬ ಹೆಸರಿಗೆ ಭೌಗೋಳಿಕ ಗುರುತಿನ ಮನ್ನಣೆಯು ದೊರೆಯಿತು. ಶಿರಸಿ, ಸಿದ್ದಾಪುರ, ಯಲ್ಲಾಪುರ ಈ ಮೂರೇ ತಾಲೂಕುಗಳ ಅಡಿಕೆಗೆ ಸಲ್ಲುವ ಹೆಸರದು. ತೋಟಗಾರರ ಸಂಘದ ಮುಖಾಂತರ ನೋಂದಣಿಯಾದದ್ದು. ಇಂತಹ ಹೆಸರು ಒಬ್ಬನ ಅಂಗಳದಲ್ಲಿ ಮಾರುವ ಸೊತ್ತಲ್ಲ. ಹೊರಗಿನ ಕೀಳು ಮಾಲನ್ನು ಬೆರೆಸಿ ಈ ಹೆಸರಿನಲ್ಲಿ ಕಳಿಸುವವನನ್ನು ಒಂಟಿ ತೋಟಿಗನು ಯಾವ ಬಲದಿಂದ ತಡೆದಾನು? ಮಾಲು ಯಾರ ತೋಟದ್ದು, ಯಾವ ಗುಡ್ಡೆಯದು, ಎಂದು ತೂಗಿದ್ದೆಂಬ ದಾಖಲೆಯು ಟೆಂಡರಿನಲ್ಲಿ ಉಳಿಯುತ್ತದೆ. ಆ ದಾಖಲೆಯನ್ನೇ ಆಧಾರವಾಗಿಟ್ಟುಕೊಂಡು, ಹೆಸರಿನ ಮುದ್ರೆಯೊತ್ತಿದ ಮಾಲಿಗೆ ಬೇರೆಯೇ ಟೆಂಡರು ನಡೆಸಿ, ಹೆಚ್ಚಿನ ಧಾರಣೆಯನ್ನು ದೊರಕಿಸಿ ತೋರಿಸಿದರೆ, ಅಂಗಳದ ಪಕ್ಷದ ಮಗನು ತಾನಾಗಿಯೇ ಚೀಲ ಹೊತ್ತುಕೊಂಡು ಬರುವನು.

ಸಹಕಾರಿ ಸಂಘಗಳ ವಾರ್ಷಿಕ ಸಭೆಗಳು ಸಪ್ಟೆಂಬರಿನೊಳಗೆ ಕೂಡತಕ್ಕವು. ಸಣ್ಣ ತೋಟಿಗರ ಮಾಲನ್ನು ಊರಿನಿಂದಲೇ ಎತ್ತುವ ಮತ್ತು ಅರ್ಧ ಮಾಲಿನ ಕರಾರಿನ ಪ್ರಶ್ನೆಗಳನ್ನು ವಂದನಾರ್ಪಣೆಗೂ ಊಟಕ್ಕೂ ನಡುವೆ ತುರುಕದೆ, ಕಾರ್ಯಕ್ರಮಪತ್ರಿಕೆಯ ಮೊದಲನೆಯ ವಿಷಯವಾಗಿ ಇಡಬೇಕೆಂದು ಮೂರೂ ತಾಲೂಕುಗಳ ಆಡಳಿತ ಮಂಡಳಿಗಳನ್ನು ನಾವು ಕೇಳಿಕೊಳ್ಳುತ್ತೇವೆ.